1911, ಹೈ-ಪವರ್, ಲೂಗರ್, ವಾಲ್ಟರ್ ಪಿಪಿ: ಕೈಯಲ್ಲಿ ಹಿಡಿದಾಗ ವ್ಯತ್ಯಾಸ ಏನು?

ನಿಮ್ಮ ಪ್ರಶ್ನೆ ಇಷ್ಟು: ಊರು ಶಿರಸಿ ಕಡೆ, ಮನೆಯಲ್ಲಿ ಬೆಳೆ ರಕ್ಷಣೆಯ ಜೋಡುನಳಿಗೆ ಕೋವಿ ಇದೆ, ಈಗ .32 (ನಳಿಗೆಯ ಅಳತೆ ಸುಮಾರು 0.32 ಇಂಚು) ಪಿಸ್ತೂಲು ತಗೊಳ್ಳುವ ಯೋಚನೆ. ಹಳೆಯ ಹೆಸರುವಾಸಿ ಪಿಸ್ತೂಲುಗಳು ಕೈಗೆ ಹೇಗೆ ಕೂರುತ್ತವೆ, .32 ಅಂದರೆ ಒದೆತವೇ ಇರುವುದಿಲ್ಲವೇ?

ಒದೆತದಿಂದಲೇ ಶುರು ಮಾಡುತ್ತೇನೆ. ಲೆಕ್ಕದಲ್ಲಿ ಕಡಿಮೆಯೇ, ಆದರೆ ಕೈಗೆ ಅಷ್ಟು ಕಡಿಮೆ ಅನಿಸುವುದಿಲ್ಲ. ಅಮೆರಿಕದ ಸೇನೆಯ ಹಳೆಯ ಪಿಸ್ತೂಲಾದ 1911ರ .45 ಗುಂಡು ಸುಮಾರು 15 ಗ್ರಾಂ, .32ರ ಗುಂಡು 4.6 ಗ್ರಾಂ. ಈ ಪಿಸ್ತೂಲಿನಲ್ಲಿ ನಳಿಗೆ ಮತ್ತು ಸ್ಲೈಡ್ (ಮೇಲೆ ಹಿಂದೆ-ಮುಂದೆ ಜಾರುವ ಭಾಗ) ಒಂದಕ್ಕೊಂದು ಕಚ್ಚಿಕೊಂಡೇ ಸ್ವಲ್ಪ ದೂರ ಹಿಂದೆ ಬರುತ್ತವೆ, ಆಮೇಲೆ ನಳಿಗೆಯ ಹಿಂಬದಿ ಕೆಳಗಿಳಿದು ಬಿಡಿಸಿಕೊಳ್ಳುತ್ತದೆ. ಪಿಸ್ತೂಲಿನದೇ ತೂಕ 1.1 ಕೆ.ಜಿ. ಹಾಗಾಗಿ ಅದು ಅಂಗೈಯನ್ನು ನಿಧಾನಕ್ಕೆ ಹಿಂದೆ ದೂಡುತ್ತದೆ. ಜರ್ಮನಿಯ ವಾಲ್ಟರ್ ಪಿಪಿಯಲ್ಲಿ ಹೀಗೆ ಕಚ್ಚಿಕೊಳ್ಳುವ ಬೀಗವೇ ಇಲ್ಲ. ನಳಿಗೆ ಚೌಕಟ್ಟಿಗೆ ಗಟ್ಟಿಯಾಗಿ ಕೂತಿದೆ, ಸ್ಲೈಡಿನ ತೂಕ ಮತ್ತು ನಳಿಗೆಯ ಸುತ್ತ ಇರುವ ಸ್ಪ್ರಿಂಗ್ ಎರಡೇ ತೋಟೆಯನ್ನು ತಡೆದು ಹಿಡಿಯಬೇಕು. ಸ್ಲೈಡ್ ಜೋರಾಗಿ ಹಿಂದೆ ಬಂದು ಬಡಿಯುತ್ತದೆ, ಹೊಡೆತ ಸಣ್ಣದಾದರೂ ಚುರುಕು. ಇದರದೇ ಚಿಕ್ಕ ರೂಪವಾದ 1931ರ ಪಿಪಿಕೆ ಇನ್ನೂ ಗಿಡ್ಡ, ಇನ್ನೂ ಹಗುರ, ಹಿಡಿ ಚಿಕ್ಕದು. ಕಿರುಬೆರಳಿಗೆ ಜಾಗ ಸಿಗದೆ ಪ್ರತಿ ಈಡಿಗೂ ಹಿಡಿತ ಸರಿಪಡಿಸಿಕೊಳ್ಳಬೇಕಾಗುತ್ತದೆ. ಜೇಬಿನಲ್ಲಿ ಇಟ್ಟುಕೊಳ್ಳುವ ಅಗತ್ಯ ಇಲ್ಲದವರು ಪಿಪಿಕೆ ಬಿಟ್ಟು 1929ರ ಪಿಪಿ ಅಳತೆಯದನ್ನೇ ನೋಡಿ.

1911 ಮತ್ತು ಹೈ-ಪವರ್ ನಿಮಗೆ ಸುಲಭವಾಗಿ ಸಿಗುವಂಥವಲ್ಲ. ಹೈ-ಪವರ್‌ನಂಥ 9 ಎಂ.ಎಂ. ಪಿಸ್ತೂಲು ಸಾಮಾನ್ಯ ಲೈಸೆನ್ಸಿಗೆ ನಿಷಿದ್ಧ. ಆದರೂ ಒಳ್ಳೆಯ ಹಿಡಿತ ಎಂದರೇನು ಎಂದು ತಿಳಿಯಲು ಅವೇ ಅಳತೆಗೋಲು. 1911ರ ಟ್ರಿಗರ್ ನೇರ ಹಿಂದಕ್ಕೆ ಜಾರುತ್ತದೆ, ಕೀಲಿನ ಮೇಲೆ ತಿರುಗುವುದಿಲ್ಲ. ಅಷ್ಟು ಸ್ವಚ್ಛವಾಗಿ ಬಿಡುವ ಟ್ರಿಗರ್ ಹಳೆಯ ಪಿಸ್ತೂಲುಗಳಲ್ಲಿ ಅಪರೂಪ. ಹಿಡಿಯ ಹಿಂಬದಿಯಲ್ಲೊಂದು ಸೇಫ್ಟಿ ಇದೆ, ಸಡಿಲವಾಗಿ ಹಿಡಿದರೆ ಅದು ಒತ್ತಿಕೊಳ್ಳದೆ ಗುಂಡು ಹಾರುವುದಿಲ್ಲ. ಕೈ ಸಣ್ಣದಿದ್ದವರ ದೂರು ಕೇಳಿಯೇ 1920ರ ದಶಕದ ಎ1 ಮಾದರಿಯಲ್ಲಿ ಟ್ರಿಗರ್ ಮೋಟು ಮಾಡಿ, ಅದರ ಹಿಂದಿನ ಚೌಕಟ್ಟನ್ನು ಸ್ವಲ್ಪ ಕೆತ್ತಿ ತೆಗೆದರು.

1935ರ ಹೈ-ಪವರ್, 1911ರ ವಿನ್ಯಾಸಕಾರ ಬ್ರೌನಿಂಗ್ ಶುರು ಮಾಡಿ ಬೆಲ್ಜಿಯಂನ ಸೇವ್ ಮುಗಿಸಿದ ವಿನ್ಯಾಸ. ನಮ್ಮ ಸೇನೆ ಬಳಸಿದ, ಈಶಾಪುರದಲ್ಲಿ ತಯಾರಾಗುವ 9 ಎಂ.ಎಂ. 1ಎ ಇದರದೇ ರೂಪ. ಮ್ಯಾಗಜಿನ್‌ನಲ್ಲಿ (ಹಿಡಿಯೊಳಗೆ ಕೂರುವ ತೋಟೆಯ ಡಬ್ಬಿ) 13 ತೋಟೆ ಎರಡು ಸಾಲಾಗಿ ಕೂತರೂ ಹಿಡಿ ದಪ್ಪ ಅನಿಸುವುದಿಲ್ಲ. ಕೈಗೆ ಕೂರುವ ವಿಷಯದಲ್ಲಿ ಇದಕ್ಕೇ ನನ್ನ ಮೊದಲ ಸ್ಥಾನ. ಟ್ರಿಗರ್ ಮಾತ್ರ ಒರಟು: ಮ್ಯಾಗಜಿನ್ ಹೊರಗಿದ್ದಾಗ ಗುಂಡು ಹಾರದಂತೆ ಇಟ್ಟಿರುವ ತಡೆ, ಮ್ಯಾಗಜಿನ್‌ನ ಮುಖಕ್ಕೆ ಉಜ್ಜುತ್ತಲೇ ಇರುತ್ತದೆ. ಕೈ ದೊಡ್ಡದಿದ್ದರೆ ಹ್ಯಾಮರ್ (ಹಿಂಬದಿಯ ಸಣ್ಣ ಸುತ್ತಿಗೆ) ಹಿಂದೆ ಬಂದು ಹೆಬ್ಬೆರಳಿನ ಬುಡದ ಚರ್ಮ ಕಚ್ಚುತ್ತದೆ. ಜರ್ಮನಿಯ ಲೂಗರ್ ನೋಡಲು ಚೆಂದ. ಹಿಡಿ ತುಂಬ ವಾಲಿಕೊಂಡಿದೆ, ನಳಿಗೆಗೆ ಸುಮಾರು 55 ಡಿಗ್ರಿ. ಬೆರಳು ತೋರಿಸಿದಂತೆ ಗುರಿ ಸಿಗುತ್ತದೆ ಎನ್ನುವುದು ಅದಕ್ಕೇ ಒಗ್ಗಿದ ಕೈಗೆ ನಿಜ, 1911ಕ್ಕೆ ಒಗ್ಗಿದವರಿಗೆ ಮೂತಿ ಮೇಲೇರುತ್ತದೆ. ಟ್ರಿಗರ್‌ನ ಎಳೆತ ಪಕ್ಕದ ತಟ್ಟೆಯೊಳಗಿನ ಸನ್ನೆಯೊಂದನ್ನು ಹಾದು ಹೋಗುವುದರಿಂದ ಯಾವಾಗ ಬಿಡುತ್ತದೆ ಎಂದು ಬೆರಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ.

ಈಗ ನಿಮಗೆ ದಕ್ಕುವ .32ಗೆ ಬರೋಣ. ಪಿಪಿ ಬಿಟ್ಟರೆ ಹಳೆಯದರಲ್ಲಿ ವೆಬ್ಲಿ-ಸ್ಕಾಟ್, ಕೋಲ್ಟ್ 1903. ವೆಬ್ಲಿಯ ಹಿಡಿ ನಳಿಗೆಗೆ ಹೆಚ್ಚುಕಡಿಮೆ ಲಂಬವಾಗಿ ನಿಂತಿದೆ, ಮಣಿಕಟ್ಟು ಬಗ್ಗಿಸಿ ಗುರಿ ಇಡಬೇಕು. ಕೋಲ್ಟಿನ ಹ್ಯಾಮರ್ ಸ್ಲೈಡಿನೊಳಗೆ ಅಡಗಿದೆ, ಕಚ್ಚುವ ಮಾತೇ ಇಲ್ಲ. ಪಿಪಿಯಲ್ಲಿ ಮೊದಲ ಈಡಿಗೆ ಟ್ರಿಗರ್ ಉದ್ದ, ತುಂಬ ಬಿಗಿ. ಎರಡನೆಯದರಿಂದ ಗಿಡ್ಡ, ಹಗುರ. ಮೊದಲ ಗುಂಡು ಕೆಳಗೆ ಬೀಳುವುದು ಇದರಿಂದಲೇ. ಇದರ ಸೇಫ್ಟಿ ಸ್ಲೈಡಿನ ಮೇಲಿದೆ: ಕೆಳಗೆ ಒತ್ತಿದರೆ ಭದ್ರ, ಮೇಲೆತ್ತಿದರೆ ಸಿದ್ಧ. 1911ರಲ್ಲಿ ಸರಿಯಾಗಿ ಇದರ ತಿರುಗುಮುರುಗು.

ಕೋವಿ ಹಿಡಿದು ಅಭ್ಯಾಸವಾದವರು ಎರಡು ಕಡೆ ಎಡವುತ್ತಾರೆ. ಒಂದು, ಆಸರೆಯ ಕೈಯ ಹೆಬ್ಬೆರಳನ್ನು ಹಿಂದಿನಿಂದ ಸುತ್ತಿ ಇಡುವುದು. ಸ್ಲೈಡ್ ಬಂದು ಅದನ್ನು ಸೀಳುತ್ತದೆ. ಎರಡೂ ಹೆಬ್ಬೆರಳು ಒಂದೇ ಪಕ್ಕದಲ್ಲಿ, ಮುಂದಕ್ಕೆ ಮುಖ ಮಾಡಿರಲಿ. ಇನ್ನೊಂದು, ಮ್ಯಾಗಜಿನ್ ತೆಗೆದ ಕೂಡಲೇ ಪಿಸ್ತೂಲು ಖಾಲಿ ಎಂದುಕೊಳ್ಳುವುದು. ಕೋವಿ ಮುರಿದರೆ ಎರಡೂ ನಳಿಗೆ ಕಣ್ಣಿಗೆ ಕಾಣುತ್ತವೆ, ಇಲ್ಲಿ ನಳಿಗೆಯೊಳಗೆ ಒಂದು ತೋಟೆ ಉಳಿದಿರಬಹುದು. ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆದು ನಳಿಗೆಯ ಬುಡ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ಮುಂಚೆಯೂ, ವಾಪಸ್ ತಂದ ಮೇಲೂ ಇದೇ ಕ್ರಮ.

.32 ತೋಟೆಯ ಬುಡದಲ್ಲಿ ಸಣ್ಣ ಅಂಚು ಚಾಚಿಕೊಂಡಿರುತ್ತದೆ. ಮ್ಯಾಗಜಿನ್‌ನಲ್ಲಿ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಎರಡೂ ಕಚ್ಚಿಕೊಂಡು ನಿಲ್ಲುತ್ತವೆ, ಸ್ಲೈಡ್ ಎಷ್ಟು ಎಳೆದರೂ ಬಿಡುವುದಿಲ್ಲ. ತುಂಬುವಾಗ ಮೇಲಿನ ಅಂಚು ಮುಂದೆಯೇ ಇದೆಯೇ ಎಂದು ನೋಡಿ. ತುದಿ ಟೊಳ್ಳಿರುವ ತೋಟೆ ಉದ್ದದಲ್ಲಿ ಗಿಡ್ಡ, ಒಳಗೆ ಓಡಾಡಲು ಜಾಗ ಸಿಕ್ಕಿ ಈ ತೊಂದರೆ ಹೆಚ್ಚು. ಮಣಿಕಟ್ಟು ಸಡಿಲ ಬಿಟ್ಟರೂ ಸ್ಲೈಡ್ ಪೂರ್ತಿ ಹಿಂದೆ ಬಾರದೆ ಖಾಲಿ ತೋಟೆ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ.

ಶಿರಸಿಯ ಮಳೆಗಾಲವೂ ಕಾರವಾರ, ಕುಮಟಾದ ಉಪ್ಪುಗಾಳಿಯೂ ಹಳೆಯ ಕಪ್ಪು ಉಕ್ಕಿಗೆ ಶತ್ರು. ಚರ್ಮದ ಚೀಲದೊಳಗೆ ಇಟ್ಟು ಮರೆಯಬೇಡಿ, ಚರ್ಮ ತೇವ ಹಿಡಿದಿಟ್ಟು ಕೆಲವೇ ವಾರದಲ್ಲಿ ಗುಳಿ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬಟ್ಟೆಯಲ್ಲಿ ಬೆವರಿನ ಗುರುತು ಒರೆಸಿ, ತೆಳ್ಳಗೆ ಬಂದೂಕಿನ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬೀಗದ ಪೆಟ್ಟಿಗೆಯಲ್ಲಿಡಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಕೂರುತ್ತದೆ. ಫೈರಿಂಗ್ ಪಿನ್ (ತೋಟೆಯ ಬುಡಕ್ಕೆ ಬಡಿಯುವ ಮೊಳೆ) ಓಡಾಡುವ ತೂತು ಒಣಗಿಯೇ ಇರಲಿ, ಅಲ್ಲಿಂದ ಎಣ್ಣೆ ಇಳಿದು ತೋಟೆಯ ಕೇಪಿಗೆ ತಾಗಿದರೆ ಅದು ಹೊತ್ತದೇ ಹೋಗಬಹುದು.

ಹಳೆಯ ಆಮದು ಪಿಸ್ತೂಲಿಗೆ ದುಡ್ಡು ಕೊಡುವ ಮುಂಚೆ, ಖಾಲಿ ಎಂದು ಖಾತ್ರಿ ಮಾಡಿಕೊಂಡು ನಳಿಗೆಯೊಳಗೆ ಬೆಳಕು ಬಿಟ್ಟು ಗುಳಿ ಇದೆಯೇ ನೋಡಿ. ಮ್ಯಾಗಜಿನ್‌ನ ತುಟಿ ಬಾಗಿದೆಯೇ, ಸೇಫ್ಟಿ ಹಾಕಿದಾಗ ಅದು ಹ್ಯಾಮರನ್ನು ನಿಜವಾಗಿ ತಡೆಯುತ್ತದೆಯೇ ಎಂದು ಮಾರುವವರ ಎದುರೇ ಪರೀಕ್ಷಿಸಿ. ಹೆಚ್ಚುವರಿ ಮ್ಯಾಗಜಿನ್ ಜೊತೆಗೇ ಸಿಗುವುದಾದರೆ ಅದನ್ನೂ ಕೇಳಿ ತಗೊಳ್ಳಿ. ಆಮೇಲೆ ಹುಡುಕಿದರೆ ಸಿಗುವುದು ಕಷ್ಟ.