ಪಂಚೆ ಎತ್ತಿ ಕಟ್ಟಿ ಕೂಗಿದವರು ಮೊದಲು ಯಾರು?

ಈ ಸಲದ ಅಂಚೆಯಲ್ಲಿ ರಾಜಕೀಯ ಚರ್ಚೆಯ ಬಗ್ಗೆಯೇ ನಾಲ್ಕು ಪ್ರಶ್ನೆಗಳು ಬಂದಿವೆ. ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಾತ್ರಿ ಒಂಬತ್ತಾದರೆ ಟಿವಿಯಲ್ಲಿ ಆರು ಜನ ಒಟ್ಟಿಗೇ ಕಿರುಚುತ್ತಾರೆ. ಅಪ್ಪ "ಹಿಂದೆಲ್ಲ ಎಷ್ಟು ಗಂಭೀರವಾಗಿ ಮಾತಾಡ್ತಿದ್ರು" ಅಂತ ಗೊಣಗುತ್ತಾ ಮಲಗಲು ಹೋಗುತ್ತಾರೆ. ಹಿಂದೆ ಅಂದರೆ ಯಾವಾಗ?
— ಓದುಗ, ಹೊಸನಗರ

ನಿಮ್ಮ ಅಪ್ಪನ ದೂರಿಗೆ 2,300 ವರ್ಷ ವಯಸ್ಸಾಗಿದೆ. ಅಥೆನ್ಸಿನ ಆಡಳಿತದ ಬಗ್ಗೆ ಅರಿಸ್ಟಾಟಲ್ ಹೆಸರಲ್ಲಿ ಒಂದು ಪುಸ್ತಕ ಉಳಿದಿದೆ. ಅದರಲ್ಲಿ ಕ್ಲಿಯಾನ್ ಎಂಬ ನಾಯಕನ ಮೇಲೆ ಇದೇ ದೂರು. ವೇದಿಕೆ ಮೇಲೆ ಮೊದಲು ಕೂಗಾಡಿದವನು, ಬೈದವನು, ಹೊದ್ದ ಬಟ್ಟೆ ಎತ್ತಿ ಕಟ್ಟಿಕೊಂಡು ಭಾಷಣ ಮಾಡಿದವನು ಇವನೇ, ಉಳಿದವರೆಲ್ಲ ಮರ್ಯಾದೆಯಿಂದ ಮಾತಾಡುತ್ತಿದ್ದರು ಅಂತ. ನಮ್ಮ ಕಡೆ ಬೇಲಿ ಜಗಳಕ್ಕೆ ಹೊರಟವರು ಪಂಚೆ ಎತ್ತಿ ಕಟ್ಟುವುದಿಲ್ವಾ, ಹಾಗೆ.

ಅಥೆನ್ಸಿನ ಸಭೆ ಸೇರುತ್ತಿದ್ದದ್ದು ಪ್ನಿಕ್ಸ್ ಎಂಬ ಗುಡ್ಡದ ಮೇಲೆ. "ಯಾರಿಗೆ ಮಾತಾಡಬೇಕು?" ಅಂತ ಡಂಗುರದವನು ಕೇಳುತ್ತಿದ್ದ. ಯಾವ ಪ್ರಜೆ ಬೇಕಾದರೂ ಏಳಬಹುದಿತ್ತು. ಪ್ರಜೆ ಅಂದರೆ ಗಂಡಸರು ಮಾತ್ರ, ಅದರಲ್ಲೂ ಗುಲಾಮರಿಗಿಲ್ಲ, ಹೊರ ಊರಿನವರಿಗಿಲ್ಲ. ನಮ್ಮ ಅಡಿಕೆ ಸುಲಿಯುವ ಚಪ್ಪರದಲ್ಲಿ ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರು ಸರ್ಕಾರವನ್ನು ಝಾಡಿಸುವುದು ಕೇಳಿದ್ದೀರಲ್ಲ, ಆ ಮಟ್ಟಿಗೆ ಆ ಗುಡ್ಡಕ್ಕಿಂತ ನಮ್ಮ ಚಪ್ಪರವೇ ವಾಸಿ.

ಈ ಕ್ಲಿಯಾನನದೇ ಒಂದು ಪ್ರಸಂಗ ಹೇಳುತ್ತೇನೆ. ಕ್ರಿ.ಪೂ. 427. ಲೆಸ್ಬೋಸ್ ದ್ವೀಪದ ಮಿಟಿಲೀನ್ ಎಂಬ ಊರು ಅಥೆನ್ಸಿನ ವಿರುದ್ಧ ದಂಗೆ ಎದ್ದು ಸೋತಿತು. ಸಿಟ್ಟಿನಲ್ಲಿದ್ದ ಸಭೆ ಅಲ್ಲಿನ ಗಂಡಸರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾಡಬೇಕೆಂದು ತೀರ್ಮಾನಿಸಿತು. ಆಜ್ಞೆ ಹೊತ್ತ ಹಡಗು ಹೊರಟೂ ಹೋಯಿತು. ಬೆಳಗಾದ ಮೇಲೆ ಜನಕ್ಕೆ ಕಸಿವಿಸಿ. ಮತ್ತೆ ಸಭೆ. ಕ್ಲಿಯಾನ್ ಎದ್ದು, ನೀವು ಮಾತಿನ ಆಟ ನೋಡಲು ಬಂದ ಪ್ರೇಕ್ಷಕರಂತೆ ಕೂತಿದ್ದೀರಿ, ನಿನ್ನೆ ಹೇಳಿದ್ದನ್ನು ಇವತ್ತು ಬದಲಿಸಿದರೆ ರಾಜ್ಯ ಉಳಿಯುವುದಿಲ್ಲ ಅಂತ ಗದರಿಸಿದ. ಎದುರಿಗೆ ಎದ್ದವನು ಡಿಯೊಡೊಟಸ್. ಅವನು ಕರುಣೆಯ ಮಾತೇ ಎತ್ತಲಿಲ್ಲ. ಎಲ್ಲರನ್ನೂ ಕೊಂದರೆ ನಮಗೇ ನಷ್ಟ, ಇನ್ನು ಮುಂದೆ ದಂಗೆ ಎದ್ದವರು ಯಾರೂ ಶರಣಾಗುವುದಿಲ್ಲ ಅಂತ ಲೆಕ್ಕಾಚಾರ ಮುಂದಿಟ್ಟ. ಕೂದಲೆಳೆ ಅಂತರದಲ್ಲಿ ಗೆದ್ದ.

ಎರಡನೇ ಹಡಗು ಹೊರಟಿತು. ಮೊದಲನೆಯದಕ್ಕೆ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿಯ ಮುನ್ನಡೆ ಇತ್ತು. ಹುಟ್ಟು ಹಾಕುವವರು ವೈನು, ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ಕೈಬಿಡದೆ ಹುಟ್ಟು ಹಾಕುತ್ತಲೇ ತಿಂದರು, ಸರದಿ ಮೇಲೆ ನಿದ್ದೆ ಮಾಡಿದರು. ಮೊದಲ ಹಡಗಿನವರಿಗೆ ಆ ಕೆಲಸಕ್ಕೆ ಮನಸ್ಸಿರಲಿಲ್ಲ, ನಿಧಾನ ಹೋಗಿದ್ದರು. ಸೇನಾಪತಿ ಆಜ್ಞೆ ಓದಿ ಮುಗಿಸಿ ಇನ್ನೇನು ಜಾರಿ ಮಾಡಬೇಕು ಅನ್ನುವಾಗ ಎರಡನೆಯದು ಮುಟ್ಟಿತು. ಊರು ಉಳಿಯಿತು. ಪೂರ್ತಿ ಸುಖಾಂತ್ಯವೇನಲ್ಲ, ದಂಗೆಗೆ ಕಾರಣರಾದವರು ಅಂತ ಸಾವಿರಕ್ಕೂ ಜಾಸ್ತಿ ಜನರನ್ನು ಕೊಂದರು.

ಕೂಗಾಟ ಆಗಲೂ ಇತ್ತು ಅಂತ ಅಪ್ಪನಿಗೆ ಹೇಳಿ. ಆದರೆ ಎದುರಿನವನ ಮಾತು ಕೇಳಿ ಸಭೆ ರಾತ್ರಿ ಕಳೆದು ಮನಸ್ಸು ಬದಲಿಸಿತು ನೋಡಿ, ಅದು ನಮ್ಮ ಒಂಬತ್ತು ಗಂಟೆಯ ಕಾರ್ಯಕ್ರಮದಲ್ಲಿ ಒಮ್ಮೆಯೂ ಆಗಿದ್ದು ನಾನು ಕಂಡಿಲ್ಲ. ನಮ್ಮ ನ್ಯಾಯಶಾಸ್ತ್ರದವರು, ಅಂದರೆ ಹಳೆಯ ತರ್ಕಶಾಸ್ತ್ರದವರು, ಇದಕ್ಕೆ ಮೂರು ಹೆಸರು ಇಟ್ಟಿದ್ದಾರೆ. ನಿಜ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನದೊಂದು ನಿಲುವೇ ಇಲ್ಲದೆ ಎದುರಿನವನದನ್ನು ಕೆಡವಲು ಮಾತ್ರ ಮಾಡುವುದು ವಿತಂಡ. ಮೂರರಲ್ಲಿ ನಮ್ಮ ದಿನನಿತ್ಯದ ಬೈಗುಳಕ್ಕೆ ಇಳಿದು ಬಂದದ್ದು ಯಾವುದು ಅಂತ ನೀವೇ ನೋಡಿ.

ಚರ್ಚೆ, ಮತ ಹಾಕುವುದು ಇದೆಲ್ಲ ಬ್ರಿಟಿಷರು ಕಲಿಸಿದ್ದು ಅನ್ನುತ್ತಾರೆ ನಮ್ಮ ಮೇಷ್ಟ್ರು. ಹೌದಾ?
— ಓದುಗಿ, ಸಾಗರ

ಪಾರ್ಲಿಮೆಂಟಿನ ಚೌಕಟ್ಟು ಅವರದು, ಅದರಲ್ಲಿ ಸುಳ್ಳಿಲ್ಲ. ಆದರೆ ಬೌದ್ಧ ಸಂಘಗಳಲ್ಲಿ ವಿಷಯ ಮಂಡಿಸುವ ಕ್ರಮವಿತ್ತು, ಒಮ್ಮತ ಬರದಿದ್ದರೆ ಶಲಾಕೆ ಎಂಬ ಬಣ್ಣದ ಕಡ್ಡಿಗಳಿಂದ ಮತ ಎಣಿಸುತ್ತಿದ್ದರು, ಗುಟ್ಟಿನ ಮತದಾನವೂ ಇತ್ತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಇದನ್ನೇ ನೆನಪಿಸಿದರು.

ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ ಇಬ್ಬರೂ ನಮ್ಮ ಶಿಕಾರಿಪುರ ಕಡೆಯವರು ಅನ್ನುವ ಹೆಮ್ಮೆ ನನಗೂ ಇದೆ. ಆದರೆ ಅನುಭವ ಮಂಟಪವನ್ನು ಪಾರ್ಲಿಮೆಂಟ್ ಅಂತ ಕರೆಯುವಾಗ ಸ್ವಲ್ಪ ತಡೆಯಬೇಕು. ಅಲ್ಲಿನ ಮಾತುಕತೆಯನ್ನು ನಮಗೆ ತಲುಪಿಸುವ ಶೂನ್ಯಸಂಪಾದನೆ ಸಿದ್ಧವಾದದ್ದು ಸುಮಾರು ಮುನ್ನೂರು ವರ್ಷ ಆದಮೇಲೆ, 15ನೇ ಶತಮಾನದಲ್ಲಿ. ಆದರೂ ಅಲ್ಲಮ ಅಕ್ಕನನ್ನು ಕೆಣಕಿ ಕೆಣಕಿ ಕೇಳುವುದು, ಅವಳು ಒಂದೊಂದಕ್ಕೂ ಜವಾಬು ಕೊಡುವುದು ಓದಿ. ಜಾರಿಕೊಳ್ಳಲು ಇಬ್ಬರಿಗೂ ಜಾಗವಿಲ್ಲ.

ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು 1881ರಲ್ಲಿ, ದಿವಾನ್ ರಂಗಾಚಾರ್ಲು ಕಾಲದಲ್ಲಿ. ಮೊದಲ ಸಭೆಗೆ 144 ಜನ ಬಂದಿದ್ದರು. ದಿವಾನರು ಲೆಕ್ಕ ಓದುತ್ತಿದ್ದರು, ಇವರು ಕಷ್ಟಸುಖ ಹೇಳಿಕೊಳ್ಳಬಹುದಿತ್ತು. ಕಾನೂನು ಮಾಡುವ ಅಧಿಕಾರ ಇರಲಿಲ್ಲ.

ಇನ್ನು ನಿಮ್ಮದೇ ತಾಲ್ಲೂಕು. 1951ರ ಕಾಗೋಡು ಸತ್ಯಾಗ್ರಹದ ಜಗಳ ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದ ಎದ್ದದ್ದು. ಮಾರನೇ ವರ್ಷವೇ ಆ ಹೋರಾಟದಲ್ಲಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋದರು, ಗೇಣಿದಾರರ ಮಾತು ಬೆಂಗಳೂರಿನಲ್ಲಿ ಕೇಳಿಸಿತು. ಉಳುವವನಿಗೆ ಹೊಲ ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಗೌಡರು 1972ರಲ್ಲೇ ತೀರಿಕೊಂಡಿದ್ದರು.

ಅಮೆರಿಕದಲ್ಲಿ ಟಿವಿ ಚರ್ಚೆಯಲ್ಲಿ ಚೆಂದ ಕಂಡವನೇ ಗೆದ್ದ ಅಂತ ಓದಿದ್ದೆ. ನಿಜವಾ?
— ಓದುಗ, ಭದ್ರಾವತಿ

ಅರ್ಧ ನಿಜ. 1960ರ ಸೆಪ್ಟೆಂಬರ್ 26ರಂದು ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಕೆನಡಿ ಮತ್ತು ನಿಕ್ಸನ್ ಟಿವಿಯಲ್ಲಿ ಎದುರಾದರು, ಚುನಾವಣೆ ಗೆದ್ದದ್ದು ಕೆನಡಿ. ನಿಕ್ಸನ್ ಮೊಣಕಾಲಿನ ಸೋಂಕಿಗೆ ಆಸ್ಪತ್ರೆಯಲ್ಲಿದ್ದು ಬಂದಿದ್ದರು, ಮುಖ ಬಿಳಿಚಿಕೊಂಡಿತ್ತು. ರೇಡಿಯೊ ಕೇಳಿದವರು ನಿಕ್ಸನ್ ಗೆದ್ದರು ಅಂದರಂತೆ, ಟಿವಿ ನೋಡಿದವರು ಕೆನಡಿ ಅಂದರಂತೆ. ಈ ಕತೆ ಎಲ್ಲ ಕಡೆ ಓಡಾಡುತ್ತದೆ, ಅದಕ್ಕೆ ಗಟ್ಟಿ ಆಧಾರ ಮಾತ್ರ ಕಡಿಮೆ. ಆಮೇಲೆ ಅಧ್ಯಕ್ಷ ಪದವಿಯ ಅಭ್ಯರ್ಥಿಗಳು ಟಿವಿಯಲ್ಲಿ ಎದುರುಬದುರಾಗಲು 1976ರ ತನಕ ಕಾಯಬೇಕಾಯಿತು.

ನನಗೆ ಜಾಸ್ತಿ ಇಷ್ಟವಾಗುವುದು 1858ರದು. ಗುಲಾಮಗಿರಿಯ ಪ್ರಶ್ನೆ ಮೇಲೆ ಲಿಂಕನ್ ಮತ್ತು ಡಗ್ಲಸ್ ಇಲಿನಾಯ್‌ನ ಏಳು ಊರುಗಳಲ್ಲಿ ವಾದ ಮಾಡಿದರು. ಮೊದಲು ಎದ್ದವರಿಗೆ 60 ನಿಮಿಷ, ಎದುರಾಳಿಗೆ 90, ಮತ್ತೆ ಮೊದಲಿನವರಿಗೆ 30. ಮೂರು ಗಂಟೆ ಜನ ನಿಂತು ಕೇಳಿದರು! 90 ನಿಮಿಷ ಸಿಕ್ಕಿದಾಗ ಬರೀ ಬೈದುಕೊಂಡು ಕಳೆಯಲು ಆಗುವುದಿಲ್ಲ, ಏನಾದರೂ ಹೇಳಲೇಬೇಕು. ಆ ಸಲ ಸೆನೆಟ್ ಸೀಟು ಲಿಂಕನ್‌ಗೆ ಸಿಗಲಿಲ್ಲ. ಎರಡು ವರ್ಷಕ್ಕೆ ಅಧ್ಯಕ್ಷರಾಗಿ ಆಯ್ಕೆಯಾದರು.

ಮಗಳು ಕಾಲೇಜಿನ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದಾಳೆ. ಅವಳ ಅಭಿಪ್ರಾಯಕ್ಕೆ ಉಲ್ಟಾ ಕಡೆ ಚೀಟಿ ಬಂದಿದೆ. ನಂಬದೇ ಇರುವುದನ್ನು ವಾದಿಸುವುದು ಸುಳ್ಳು ಹೇಳಿದ ಹಾಗಲ್ವಾ ಅಂತ ಅಳುತ್ತಾಳೆ.
— ಓದುಗಿ, ತೀರ್ಥಹಳ್ಳಿ

ಸುಮ್ನೆ ಒಂದು ರಾತ್ರಿ ತಾಳಮದ್ದಳೆಗೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಕರೆದುಕೊಂಡು ಹೋಗಿ. ನಾನು ಸಣ್ಣವನಿದ್ದಾಗ ನಮ್ಮೂರ ದೇವಸ್ಥಾನದಲ್ಲಿ ಕೃಷ್ಣಸಂಧಾನ ಕೇಳಿದ್ದೆ. ಹೊರಗೆ ಧೋ ಅಂತ ಮಳೆ, ಮಧ್ಯೆ ಕರೆಂಟ್ ಹೋಗಿ ಲಾಟೀನು ಬಂತು. ವೇಷವಿಲ್ಲ, ಬರೆದಿಟ್ಟ ಮಾತಿಲ್ಲ, ಹಾಡುವ ಭಾಗವತರ ಪದ್ಯ ಮುಗಿದ ಕೂಡಲೇ ಪಾತ್ರದ ಮಾತಾಡುವ ಅರ್ಥಧಾರಿ ಎದುರಿನವನು ಎಸೆದ ಮಾತನ್ನು ಹಿಡಿದು ಅಲ್ಲೇ ಉತ್ತರ ಕಟ್ಟಬೇಕು. ಐದು ಊರಾದರೂ ಕೊಡು ಅಂತ ಕೃಷ್ಣ ಕೇಳಿದ. ದುರ್ಯೋಧನನ ಅರ್ಥ ಹೇಳುತ್ತಿದ್ದವರು, ಜೂಜಿನಲ್ಲಿ ಸೋತದ್ದನ್ನು ವಾಪಸ್ ಕೊಡಬೇಕು ಅನ್ನುವ ಧರ್ಮ ಯಾವುದು, ತೋರಿಸು ಅಂದರು. ಕೃಷ್ಣ ಒಂದು ಗಳಿಗೆ ಸುಮ್ಮನಾದ. ನನ್ನ ಪಕ್ಕ ಕೂತಿದ್ದ ಅಜ್ಜ ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸಿದರು.

ಆ ದುರ್ಯೋಧನ ಹಗಲು ಹೊತ್ತು ನಮ್ಮೂರ ಸೊಸೈಟಿಯಲ್ಲಿ ಗುಮಾಸ್ತರು, ತುಂಬ ಸಾಧು ಮನುಷ್ಯ. ಬೆಳಗಿನ ಜಾವ ಕಾಫಿ ಬಂದಾಗ ಮೊದಲ ಲೋಟವನ್ನು ಅವರೇ ಕೃಷ್ಣನ ಕಡೆ ದಾಟಿಸಿದರು. ಮುಂದಿನ ತಿಂಗಳ ಕೂಟಕ್ಕೆ ಪಾತ್ರ ಅದಲುಬದಲು ಮಾಡಿಕೊಳ್ಳೋಣ ಅಂತ ಅಲ್ಲೇ ಮಾತಾಯಿತು.