ತಲಪಾಡಿ ದಾಟದ ವಿದ್ಯಾರ್ಥಿವೇತನ

‘ಗಡಿಯವರಿಗೆ ಎರಡೂ ರಾಜ್ಯಗಳ ವಿದ್ಯಾರ್ಥಿವೇತನ ಸಿಗುತ್ತದೆಯಂತೆ, ಅದೃಷ್ಟವಂತರು, ಅಂದ ಹಾಗೆ, ಕೇರಳದವಳಾದ ನಿನಗೆ ಇಷ್ಟು ಚೆನ್ನಾಗಿ ಕನ್ನಡ ಹೇಗೆ ಬರುತ್ತದೆ?’ ಎಂದು ನೀನು ಬೆಂಗಳೂರಿನಿಂದ ಕೇಳಿದ್ದೆ. ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಹತ್ತನೆಯ ತರಗತಿಯವರೆಗೆ ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಮನೆಯ ಮಾತು ತುಳುವಾದರೂ ಬರೆಯುವುದು ಕನ್ನಡವನ್ನೇ. ಮೊದಲನೆಯದಕ್ಕೆ ಉದ್ದವಾಗಿ ಹೇಳಬೇಕು.

ಪ್ಲಸ್ ಟು ಮುಗಿಸಿದ ನನ್ನ ಮುಂದೆ ಈಗ ಮಂಗಳೂರಿನ ಎರಡು ಖಾಸಗಿ ಕಾಲೇಜುಗಳ ಪತ್ರಗಳಿವೆ. ಮೊದಲನೆಯದು ವರ್ಷಕ್ಕೆ 95,000 ರೂಪಾಯಿ ಶುಲ್ಕ ಹೇಳಿ, ದಪ್ಪಕ್ಷರದಲ್ಲಿ ‘ಒಟ್ಟು ನೆರವು 60,000’ ಎಂದು ಮುದ್ರಿಸಿದೆ. ಬಿಡಿಸಿ ನೋಡಿದರೆ ಅದರಲ್ಲಿ 35,000 ಬ್ಯಾಂಕ್ ಸಾಲ. ತೀರಿಸಬೇಕಾದ ಹಣವನ್ನು ನೆರವೆಂದು ಕರೆಯುವ ಧೈರ್ಯ ನಮ್ಮೂರಿನ ಬಡ್ಡಿ ವ್ಯಾಪಾರಿಗಳಿಗೂ ಇಲ್ಲ. ಉಳಿದ 25,000ದ ರಿಯಾಯಿತಿ ಮೊದಲ ವರ್ಷಕ್ಕೆ ಮಾತ್ರ. ಎರಡನೆಯ ಕಾಲೇಜಿನ ಶುಲ್ಕ 62,000, ರಿಯಾಯಿತಿ 15,000, ಆದರೆ ಶೇಕಡಾ 75 ಅಂಕ ಉಳಿಸಿಕೊಂಡರೆ ಅದು ಪ್ರತಿ ವರ್ಷವೂ ದೊರೆಯುತ್ತದೆ. ಮೂರು ವರ್ಷಕ್ಕೆ ಲೆಕ್ಕ ಹಾಕಿದಾಗ ಮೊದಲನೆಯದಕ್ಕೆ 2,60,000, ಎರಡನೆಯದಕ್ಕೆ 1,41,000. ಕುಂಬಳೆಯಿಂದ ರೈಲಿನ ಸೀಸನ್ ಟಿಕೆಟ್ ಇರುವುದರಿಂದ ಹಾಸ್ಟೆಲಿನ ಚಿಂತೆಯಿಲ್ಲ.

ಇಷ್ಟೇ ಆಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಎರಡನೆಯ ಪತ್ರದ ಕೆಳಗೆ ಇನ್ನೊಂದು ಸಾಲಿದೆ: ‘ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ, ಅಂದಾಜು 10,000.’ ಎಲ್ಲರಿಗೂ ಅದೇ ಪತ್ರ ಕಳುಹಿಸುವವರಿಗೆ ‘ರಾಜ್ಯ’ವೆಂದರೆ ಒಂದೇ. ಅದಕ್ಕೆ ಅರ್ಜಿ ಹಾಕಬೇಕಾದ ಕರ್ನಾಟಕದ ವಿದ್ಯಾರ್ಥಿವೇತನ ಪೋರ್ಟಲ್ ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಕೇಳುತ್ತದೆ, ಆ ಸಂಖ್ಯೆ ಕರ್ನಾಟಕದ ನಾಡಕಚೇರಿಯ ಪ್ರಮಾಣಪತ್ರದಲ್ಲಿರುತ್ತದೆ, ನನ್ನ ಪ್ರಮಾಣಪತ್ರವಾದರೋ ಕೇರಳದ ವಿಲೇಜ್ ಆಫೀಸಿನದು. ಅಪ್ಪ ಅದಕ್ಕಾಗಿ ಎರಡು ದಿನದ ಕೂಲಿ ಬಿಟ್ಟು ಅಲೆದಿದ್ದರು. ಕಾಲೇಜಿನ ಕಚೇರಿಗೆ ಫೋನ್ ಮಾಡಿದರೆ ‘ನಿಮ್ಮ ತಹಶೀಲ್ದಾರರಲ್ಲಿ ಕೇಳಿ’ ಎಂದರು. ನಮ್ಮ ತಾಲೂಕು ಕಚೇರಿಯಲ್ಲಿ ‘ಅದು ಕರ್ನಾಟಕದ ವಿಷಯ’ ಎಂದರು. ಇತ್ತ ಕೇರಳದ ಹಲವು ಸವಲತ್ತುಗಳು ಕೇರಳದೊಳಗಿನ ಕಾಲೇಜುಗಳಲ್ಲಿ ಕಲಿಯುವವರಿಗೆ ಮಾತ್ರ. ಹೀಗೆ, ಎರಡೂ ಕಡೆಯಿಂದ ಸಿಗುತ್ತದೆಂದು ನೀನು ಭಾವಿಸಿದ್ದು ನನ್ನ ಪಾಲಿಗೆ ಎರಡೂ ಕಡೆಯಿಂದ ತಪ್ಪಿದೆ, ಆ 10,000ವನ್ನು ಪೆನ್ಸಿಲಿನಿಂದ ಹೊಡೆದುಹಾಕಿದ್ದೇನೆ.

ಎರಡು ರಾಜ್ಯಗಳ ಗಡಿಯಲ್ಲಿರುವ ತಲಪಾಡಿಯನ್ನು ದಾಟಿ ಬರುವುದು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವೊಂದೇ: ಹನ್ನೆರಡನೆಯ ತರಗತಿಯಲ್ಲಿ ನಮ್ಮ ಬೋರ್ಡಿನ 80ನೆಯ ಪರ್ಸೆಂಟೈಲ್‌ಗಿಂತ ಮೇಲಿದ್ದು (ಅಂದರೆ ಅಂಕದಲ್ಲಿ ಮೇಲಿನ ಶೇಕಡಾ 20 ಮಂದಿಯೊಳಗಿದ್ದು), ಮನೆಯ ವಾರ್ಷಿಕ ಆದಾಯ 4.5 ಲಕ್ಷ ಮೀರದಿದ್ದರೆ, ಪದವಿಗೆ ವರ್ಷಕ್ಕೆ 12,000. ಆದರೆ ಆಯ್ಕೆಯಾಗುವವರೆಗೆ ಅದನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಕರ್ನಾಟಕ ನಮ್ಮನ್ನು ಪೂರ್ತಿ ಮರೆತಿದೆ ಎಂದರೆ ಅನ್ಯಾಯವಾದೀತು. ಸಿಇಟಿಯಲ್ಲಿ ‘ಗಡಿನಾಡು ಕನ್ನಡಿಗ’ ಎಂಬ ವಿಭಾಗವಿದ್ದು, ಅದರಲ್ಲಿ ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕುಗಳ ಹೆಸರೇ ಇದೆ. ಎಂಜಿನಿಯರಿಂಗ್ ಓದಲು ಹೊರಟ ನನ್ನ ಅಣ್ಣ ಆ ವಿಭಾಗದಲ್ಲಿ ಅರ್ಜಿ ಹಾಕಿ, ಕನ್ನಡ ಬರುತ್ತದೆಂದು ತೋರಿಸಲು ಬೇರೆಯೇ ಒಂದು ಕನ್ನಡ ಪರೀಕ್ಷೆ ಬರೆದ. ಬೆಂಗಳೂರಿನಲ್ಲೇ ಓದಿದ ನಿನಗೆ ಆ ಪರೀಕ್ಷೆಯಿಲ್ಲ. ನೀನು ಕಳುಹಿಸುವ ಸಂದೇಶಗಳ ಕಾಗುಣಿತ ನೋಡಿದರೆ ಅದು ನಿನ್ನ ಪುಣ್ಯವೆಂದೇ ಹೇಳಬೇಕು.

ಮೂರನೆಯ ದಾರಿಯೂ ಒಂದಿದೆ, ಅದಕ್ಕೆ ಯಾವ ನೆರವಿನ ಪತ್ರವೂ ಇಲ್ಲ. ನಮ್ಮ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕರೆ, ಇಡೀ ಪದವಿಯ ಶುಲ್ಕವೇ ಮಂಗಳೂರಿನ ಒಂದು ಸೆಮಿಸ್ಟರಿನಷ್ಟಾಗದು. ಕೇರಳದಲ್ಲಿ 2024ರಿಂದ ಪದವಿ ನಾಲ್ಕು ವರ್ಷದ್ದಾಗಿದೆ, ಬೇಕಾದರೆ ಮೂರಕ್ಕೇ ಹೊರಬರಬಹುದು. ಕರ್ನಾಟಕ ಅದೇ ವರ್ಷ ಮೂರಕ್ಕೆ ಮರಳಿತು. ಆದ್ದರಿಂದ ಹೋಲಿಕೆಯ ಪಟ್ಟಿಯಲ್ಲಿ ನಾಲ್ಕನೆಯ ವರ್ಷಕ್ಕೂ ಒಂದು ಕಾಲಂ ಬಿಟ್ಟಿದ್ದೇನೆ. ತೊಂದರೆಯೆಂದರೆ, ಇಲ್ಲಿನ ಅಲಾಟ್‌ಮೆಂಟ್ ಪಟ್ಟಿ ಬರುವ ಮೊದಲೇ ಮಂಗಳೂರಿನಲ್ಲಿ ಮುಂಗಡ ಕಟ್ಟಬೇಕು. ಒಂದು ವಾರದ ಗಡುವು ಕೇಳಿ ನಿನ್ನೆ ಎರಡನೆಯ ಕಾಲೇಜಿಗೆ ಪತ್ರ ಬರೆದಿದ್ದೇನೆ, ಕನ್ನಡದಲ್ಲೇ.