ಓದುಗರ ಪ್ರಶ್ನೆ, ನಮ್ಮ ಉತ್ತರ: ಸತ್ತ ಮೀನಿನ ಚಿತ್ರವಿರುವ ಬಿಳಿ ಪುಡಿ

ಈ ಸಲ ಆಯ್ದುಕೊಂಡ ಐದು ಪತ್ರಗಳೂ ಒಂದೇ ವಸ್ತುವನ್ನು ಕುರಿತವು. ಬರೆದವರಲ್ಲಿ ಇಬ್ಬರಿಗೆ ಅದರ ಹೆಸರು ಗೊತ್ತಿಲ್ಲ. ಒಬ್ಬರ ಮನೆಗೆ ಅದು ಜ್ವರವಾಗಿ ಬಂದಿದೆ, ಇನ್ನೊಬ್ಬರು ಅದನ್ನು ಫ್ಯಾಕ್ಟರಿಯ ಬಿಳಿ ಪುಡಿ ಎಂದಿದ್ದಾರೆ. ಅದು ಜಿಂಕ್ ಆಕ್ಸೈಡ್, ಅಂದರೆ ಸತುವು ಆಮ್ಲಜನಕದೊಡನೆ ಕೂಡಿ ಆಗುವ ಬಿಳಿ ಪುಡಿ. ಉತ್ತರಗಳನ್ನು ಒಟ್ಟಿಗೆ ಓದಿಕೊಂಡರೆ ಒಳ್ಳೆಯದು.

ಪ್ರಶ್ನೆ: ನನ್ನ ಯಜಮಾನರು ಗೋಕುಲ ರಸ್ತೆಯ ಕಡೆ ಗ್ರಿಲ್, ಗೇಟು, ಶೆಡ್ಡುಗಳ ಕೆಲಸ ಮಾಡುವ ವೆಲ್ಡರ್. ರವಿವಾರ ರಜೆ. ಸೋಮವಾರ ಜಿ.ಐ. ಪೈಪಿನ ಕೆಲಸವಿದ್ದರೆ ಆ ರಾತ್ರಿ ಅವರಿಗೆ ಚಳಿ ಹತ್ತಿ ಜ್ವರ ಏರುತ್ತದೆ. ಬಾಯೆಲ್ಲ ಸಿಹಿಯಾಗಿದೆ, ನೀರಡಿಕೆ ಹೋಗುವುದಿಲ್ಲ ಎನ್ನುತ್ತಾರೆ. ಎರಡು ಸಲ ಮಲೇರಿಯಾ ಪರೀಕ್ಷೆ ಮಾಡಿಸಿದರೂ ಏನೂ ಸಿಗಲಿಲ್ಲ. ಬುಧವಾರದ ಹೊತ್ತಿಗೆ ಆರಾಮಾಗಿರುತ್ತಾರೆ. ಮಾಲಕರು ಹಾಲು ಕುಡಿದರೆ ಸಾಕು ಎನ್ನುತ್ತಾರೆ. ಇದು ಮುಂದೆ ಕ್ಯಾನ್ಸರಿಗೆ ತಿರುಗೀತೇ?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ನೀವು ಬರೆದ ಲಕ್ಷಣಗಳು, ಅದರಲ್ಲೂ ಸೋಮವಾರ ಎಂಬ ಮಾತು, ಲೋಹದ ಹೊಗೆಯಿಂದ ಬರುವ ಜ್ವರವನ್ನೇ ಬಹುಮಟ್ಟಿಗೆ ಹೋಲುತ್ತವೆ. ಇದನ್ನು ಖಚಿತಪಡಿಸಬೇಕಾದವರು ವೈದ್ಯರು. ಆದರೆ ಅವರಿಗೆ ಹಿಂದಿನ ದಿನ ಜಿ.ಐ. ಪೈಪು ಬೆಸೆದ ಸಂಗತಿಯನ್ನು ಹೇಳದಿದ್ದರೆ ಅವರಾದರೂ ಮಲೇರಿಯಾ, ಫ್ಲೂ ಎಂದೇ ಹುಡುಕುತ್ತಾರೆ. ಈ ಜ್ವರದಲ್ಲಿ ಎದೆಯ ಎಕ್ಸ್‌ರೇ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಆದ್ದರಿಂದ ಇಲ್ಲಿ ರೋಗಿಯ ಮಾತೇ ಮುಖ್ಯ ಪರೀಕ್ಷೆ.

ಜಿ.ಐ. ಪೈಪು ಎಂದರೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟ ಕಬ್ಬಿಣ. ಸತುವು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ 907 ಡಿಗ್ರಿಗೆ ಕುದಿಯುತ್ತದೆ. ಕಬ್ಬಿಣ ಕರಗಲು ಸುಮಾರು 1,500 ಡಿಗ್ರಿ ಬೇಕು. ಹಾಗಾಗಿ ಪೈಪು ಬೆಸುಗೆಗೆ ಬರುವಷ್ಟರಲ್ಲಿ ಮೇಲಿನ ಸತುವು ಕುದಿದು ಆವಿಯಾಗಿ, ಗಾಳಿಯಲ್ಲೇ ಉರಿದು, ದಟ್ಟ ಬಿಳಿ ಹೊಗೆಯಾಗಿರುತ್ತದೆ. ಹೊಗೆ ಎನ್ನುವುದು ನಮ್ಮ ರೂಢಿಯ ಮಾತು. ನಿಜವಾಗಿ ಅದು ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ, ಸಣ್ಣ ಜಿಂಕ್ ಆಕ್ಸೈಡ್ ಕಣಗಳ ಮೋಡ. ನಿಮ್ಮ ಯಜಮಾನರು ಕೆಲಸ ಮಾಡುವ ಶೆಡ್ಡಿನಲ್ಲಿ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಬೆರಳಾಡಿಸಿ ನೋಡಲು ಹೇಳಿ, ಹಿಂಜಿದ ಅರಳೆಯಂಥ ಬಿಳಿ ಎಳೆ ಸಿಕ್ಕರೆ ಅದು ಇದೇ. ಇಷ್ಟು ಸಣ್ಣ ಕಣಗಳನ್ನು ಮೂಗಿನ ಕೂದಲಾಗಲಿ ಗಂಟಲಿನ ಕಫವಾಗಲಿ ತಡೆಯಲಾರವು. ಅವು ಶ್ವಾಸಕೋಶದ ತುದಿಯ ಗಾಳಿಚೀಲಗಳನ್ನು ಮುಟ್ಟುತ್ತವೆ. ದೇಹ ಅಲ್ಲಿ ಸೋಂಕು ತಗುಲಿದಾಗ ಮಾಡುವ ಗದ್ದಲವನ್ನೇ ಎಬ್ಬಿಸುತ್ತದೆ. ಹೊಗೆ ಕುಡಿದು ನಾಲ್ಕರಿಂದ ಹನ್ನೆರಡು ತಾಸು ಕಳೆದ ಮೇಲೆ ಜ್ವರ ಬರುವುದೂ, ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುವುದೂ ಇದರ ರೀತಿ. ದಿನವೂ ಹೊಗೆಯಲ್ಲಿ ನಿಂತವನ ದೇಹ ಅದಕ್ಕೆ ಸ್ವಲ್ಪ ಒಗ್ಗಿಕೊಳ್ಳುತ್ತದೆ. ಒಂದು ದಿನ ರಜೆ ಸಿಕ್ಕರೆ ಆ ಒಗ್ಗಿಕೆ ಬಿಟ್ಟುಹೋಗುತ್ತದೆ. ಸೋಮವಾರ ಜ್ವರ ಬರುವುದು ಈ ಕಾರಣದಿಂದ. ಹಿತ್ತಾಳೆ ಎರಕದವರಲ್ಲೂ ಇದು ಹಳೆಯ ಕಾಯಿಲೆ, ಏಕೆಂದರೆ ಹಿತ್ತಾಳೆಯಲ್ಲಿ ತಾಮ್ರದ ಜೊತೆಗೆ ಇರುವುದೂ ಸತುವೇ.

ಹಾಲಿನ ಮಾತು. "ಹಾಲು ಕುಡಿ, ಬೆಲ್ಲ ತಿನ್ನು, ಏನೂ ಆಗೂದಿಲ್ಲ" ಎಂಬುದನ್ನು ನಾನೂ ಕಾರ್ಖಾನೆಗಳಲ್ಲಿ ಕೇಳುತ್ತಲೇ ಕೂದಲು ಬೆಳ್ಳಗಾದವನು. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಕುಡಿಯಲಿ, ಮೈಗೆ ಒಳ್ಳೆಯದೇ. ಆದರೆ ಹಾಲಿನ ಲೋಟ ಕೊಟ್ಟು ಮಾಸ್ಕಿನ ಖರ್ಚು ಉಳಿಸುವ ಮಾಲಕರ ಲೆಕ್ಕಕ್ಕೆ ಒಪ್ಪಿಗೆ ಕೊಡಬೇಡಿ.

ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆಯ ಎರಡನೆಯ ಅನುಸೂಚಿ ಜಿಂಕ್ ಆಕ್ಸೈಡ್ ಹೊಗೆಗೆ ಹಾಕಿಕೊಟ್ಟಿದ್ದ ಮಿತಿ, ಎಂಟು ತಾಸಿನ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮಿಲಿಗ್ರಾಂ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಖೋಲಿಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಅದಕ್ಕೆ ಈ ಮಿತಿ 140 ಮಿಲಿಗ್ರಾಂ ಆಗುತ್ತದೆ, ಅಂದರೆ ಹೆಚ್ಚುಕಡಿಮೆ ಏಳು ಅಕ್ಕಿಕಾಳಿನ ತೂಕ. ಬಾಗಿಲು ಮುಚ್ಚಿದ ಖೋಲಿಯಲ್ಲಿ ಒಂದು ಗೇಟು ಬೆಸೆದರೂ ಅಷ್ಟು ಸತುವು ಸುಲಭವಾಗಿ ಹಾರುತ್ತದೆ.

ಮಾಡಬೇಕಾದದ್ದು ಹೀಗೆ. ಬೆಸೆಯುವ ಜಾಗದ ಎರಡೂ ಬದಿಗೆ ಎರಡರಿಂದ ನಾಲ್ಕು ಇಂಚು ಲೇಪವನ್ನು ಗ್ರೈಂಡರಿನಿಂದ ತೆಗೆಯಬೇಕು, ಆಗಲೂ ಮಾಸ್ಕ್ ಇರಬೇಕು. ಬಾಗಿ ಬೆಸೆಯುವಾಗ ಮುಖ ಹೊಗೆಯ ಕಂಬದೊಳಗೆ ಸಿಲುಕದಂತೆ ಪಕ್ಕಕ್ಕಿರಬೇಕು. ಅರ್ಧದಷ್ಟು ರಕ್ಷಣೆ ಈ ಒಂದು ರೂಢಿಯಿಂದಲೇ ಸಿಗುತ್ತದೆ ಎಂಬುದು ನನ್ನ ಅನುಭವ. ಫ್ಯಾನು ಹೊಗೆಯನ್ನು ಹೊರಕ್ಕೆ ಎಳೆಯುವಂತಿರಬೇಕೇ ಹೊರತು ಶೆಡ್ಡಿನ ತುಂಬ ಹರಡುವಂತಿರಬಾರದು. ಕರವಸ್ತ್ರ ಕಟ್ಟಿಕೊಂಡರೆ ಈ ಕಣಗಳಿಗೆ ಅಡ್ಡಿಯೇ ಇಲ್ಲ. ಭಾರತೀಯ ಮಾನದಂಡ ಐಎಸ್ 9473ರ ಗುರುತಿನ, ಸಣ್ಣ ಕಣಗಳನ್ನು ಸೋಸುವ ಎಫ್‌ಎಫ್‌ಪಿ2 ಮಾಸ್ಕ್, ಅದೂ ಗಡ್ಡದ ಮೇಲೆ ತೇಲದೆ ಮುಖಕ್ಕೆ ಅಂಟಿ ಕೂರುವಂಥದ್ದು, ಬೇಕು. ಟಾಕಿಯ ಒಳಗೆ ಇಳಿದು ಮಾಡುವ ಕೆಲಸಕ್ಕೆ ಈ ಮಾಸ್ಕೂ ಸಾಲದು, ಅಲ್ಲಿ ಹೊರಗಿನಿಂದ ಗಾಳಿ ಪೂರೈಸುವ ವ್ಯವಸ್ಥೆಯೇ ಆಗಬೇಕು.

ಕ್ಯಾನ್ಸರಿನ ಬಗ್ಗೆ ಎರಡು ಮಾತುಗಳನ್ನು ಬೇರೆಬೇರೆಯಾಗಿ ಹೇಳಬೇಕಾಗಿದೆ. ಜಿಂಕ್ ಆಕ್ಸೈಡ್ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಲ್ಲ. ಆದರೆ ವೆಲ್ಡಿಂಗ್ ಹೊಗೆಯನ್ನು ಇಡಿಯಾಗಿ ತೆಗೆದುಕೊಂಡು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೆಯ ಗುಂಪಿಗೆ ಸೇರಿಸಿತು. ಜ್ವರ ಇಳಿಯಿತೆಂದು ಹೊಗೆಯನ್ನು ಮರೆಯುವಂತಿಲ್ಲ.

ಇನ್ನೊಂದು ಎಚ್ಚರಿಕೆ, ಇದನ್ನು ಗೋಡೆಗೆ ಬರೆದು ಅಂಟಿಸಿದರೂ ತಪ್ಪಿಲ್ಲ. ಕೆಲವು ಬೋಲ್ಟು, ಬಿಡಿಭಾಗಗಳಿಗೆ ಸತುವಿನ ಬದಲು ಕ್ಯಾಡ್ಮಿಯಂ ಲೇಪ ಇರುತ್ತದೆ, ಕಣ್ಣಿನಿಂದ ನೋಡಿ ಅದನ್ನು ಖಚಿತವಾಗಿ ಗುರುತಿಸಲಾಗದು. ಅದರ ಹೊಗೆ ಕುಡಿದವರಿಗೂ ಮೊದಲಿಗೆ ಇಂಥದೇ ಜ್ವರ ಬರುತ್ತದೆ. ಬಳಿಕ ಒಂದೆರಡು ದಿನಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಅಪಾಯವಾಗಬಹುದು. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ, ತುಟಿ ನೀಲಿಗಟ್ಟಿದರೆ, ಜ್ವರ ಎರಡು ದಿನ ದಾಟಿದರೆ, ಮನೆಯಲ್ಲಿ ಕಾಯದೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ತಾರಿಹಾಳದ ರಬ್ಬರ್ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಜಿಂಕ್ ಆಕ್ಸೈಡ್ ಚೀಲದ ಮೇಲೆ ಕೆಂಪು ಅಂಚಿನ ಚೌಕದೊಳಗೆ ಸತ್ತ ಮೀನು, ಒಣಗಿದ ಮರದ ಚಿತ್ರವಿದೆ, ತಲೆಬುರುಡೆ ಇಲ್ಲ. ಹಲವು ವರ್ಷಗಳಿಂದ ಬರಿಗೈಯಿಂದ ಎತ್ತುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಇಷ್ಟು ನಿರುಪದ್ರವಿ ಪುಡಿಗೆ ಈ ಚಿತ್ರವೇಕೆ?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಚಿತ್ರ ಸರಿಯಾಗಿಯೇ ಇದೆ. ರಾಸಾಯನಿಕಗಳ ಅಪಾಯವನ್ನು ವರ್ಗೀಕರಿಸಿ ಚೀಟಿ ಹಚ್ಚುವುದಕ್ಕೆ ವಿಶ್ವಸಂಸ್ಥೆ ರೂಪಿಸಿದ ಜಿಎಚ್‌ಎಸ್ ಪದ್ಧತಿಯಲ್ಲಿ ತಲೆಬುರುಡೆ ಮನುಷ್ಯನಿಗೆ ತೀವ್ರ ವಿಷವಾಗುವ ವಸ್ತುಗಳದು, ಮೀನು ಮತ್ತು ಮರ ಜಲಚರಗಳಿಗೆ ವಿಷವಾಗುವ ವಸ್ತುಗಳದು. ಜಿಂಕ್ ಆಕ್ಸೈಡ್ ನುಂಗಿದರೆ ಆಗುವ ವಿಷ ಕಡಿಮೆ, ಚರ್ಮಕ್ಕೆ ಉರಿಯಿಲ್ಲ, ಆದ್ದರಿಂದ ಬುರುಡೆಯಿಲ್ಲ. ನೀರಿನಲ್ಲಿ ಅದು ತೀವ್ರ ಮತ್ತು ದೀರ್ಘಕಾಲದ, ಎರಡೂ ವಿಭಾಗಗಳಲ್ಲಿ ಮೊದಲನೆಯ, ಅಂದರೆ ಅತ್ಯಂತ ಕಠಿಣ ದರ್ಜೆಯದು. ಚೀಲದ ಮೇಲೆ ಎಚ್400, ಎಚ್410 ಎಂದು ಅಚ್ಚಾಗಿರುವುದು ಅದನ್ನೇ ಹೇಳುತ್ತದೆ.

ಆ ತೀವ್ರ ದರ್ಜೆಗೆ ಸೇರಲು ಇರುವ ಗೆರೆ, ಒಂದು ಲೀಟರ್ ನೀರಿಗೆ 1 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಪ್ರಮಾಣದಲ್ಲೇ ಪರೀಕ್ಷೆಯ ಮೀನು, ನೀರುಹುಳ ಅಥವಾ ಪಾಚಿಯಲ್ಲಿ ಅರ್ಧದಷ್ಟಕ್ಕೆ ಹಾನಿಯಾಗುವುದು. ನಮಗೆ ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 5 ಮಿಲಿಗ್ರಾಂ ಸತುವಿನವರೆಗೆ ಒಪ್ಪುತ್ತದೆ. ನಾವು ನಿಶ್ಚಿಂತೆಯಿಂದ ಕುಡಿಯುವ ನೀರಿನಲ್ಲಿ ಮೀನಿನ ಕಿವಿರು ಕೆಡಬಹುದು ಎಂದಾಯಿತು. ನಿಮ್ಮ 25 ಕಿಲೋ ಚೀಲವೊಂದರಲ್ಲಿ ಎರಡೂವರೆ ಕೋಟಿ ಮಿಲಿಗ್ರಾಂ ಇದೆ. ಲೀಟರಿಗೆ ಒಂದರಂತೆ ಹಂಚಿದರೆ ಎರಡೂವರೆ ಎಕರೆಯ, ಎಂಟಡಿ ಆಳದ ಕೆರೆಗೆ ಅದು ಸಾಕು. ಪುಡಿ ನೀರಿನಲ್ಲಿ ಅಷ್ಟೂ ಕರಗುವುದಿಲ್ಲ, ನಿಧಾನವಾಗಿ ಸ್ವಲ್ಪಸ್ವಲ್ಪ ಕರಗುತ್ತದೆ, ಹಾಗಾಗಿ ಇದು ಕಾಗದದ ಲೆಕ್ಕ. ಆದರೆ ಆಮ್ಲ ಸೇರಿದರೆ ಬೇಗ ಕರಗುತ್ತದೆ, ಕೈಗಾರಿಕಾ ಪ್ರದೇಶದ ಗಟಾರಿನಲ್ಲಿ ಆಮ್ಲಕ್ಕೆ ಬರವಿಲ್ಲ.

ಆದ್ದರಿಂದ ನಿಮ್ಮಲ್ಲಿ ನಾನು ಮೊದಲು ಕೇಳುವುದು ಕೈಗವಸಿನ ಮಾತಲ್ಲ, ನೆಲ ತೊಳೆಯುವ ಮಾತು. ಚೆಲ್ಲಿದ ಪುಡಿಯನ್ನು ಪೈಪು ಹಿಡಿದು ಗಟಾರಿಗೆ ನೂಕುವ ರೂಢಿ ಇದ್ದರೆ ಇಂದೇ ನಿಲ್ಲಿಸಿ. ಹುಬ್ಬಳ್ಳಿ ಸೀಮೆಯ ಬೆಣ್ಣೆಹಳ್ಳ ಕಡೆಗೆ ಸೇರುವುದು ಮಲಪ್ರಭೆಯನ್ನೇ. ಧೂಳು ಏಳದಂತೆ ತುಸು ತೇವ ಮಾಡಿ ಬಳಿದು, ಇಲ್ಲವೇ ವ್ಯಾಕ್ಯೂಮ್ ಯಂತ್ರದಿಂದ ಎಳೆದು, ಮುಚ್ಚಳದ ಡಬ್ಬಿಯಲ್ಲಿ ಕೂಡಿಡಿ. ಶುದ್ಧವಾಗಿ ಉಳಿದದ್ದು ಮಿಕ್ಸಿಂಗಿಗೇ ವಾಪಸು ಹೋಗಬಹುದು. ನೂರು ಭಾಗ ರಬ್ಬರಿಗೆ ಸಾಮಾನ್ಯವಾಗಿ ಮೂರರಿಂದ ಐದು ಭಾಗ ಬಳಸುವ ನಿಮಗೆ ಅದು ದುಡ್ಡೂ ಹೌದು. ಚೀಲ ಸುರಿಯುವವನಿಗೆ ಧೂಳಿನ ಮಾಸ್ಕ್ ಇರಲಿ. ಕ್ಲೋರಿನೇಟೆಡ್ ರಬ್ಬರ್ ಬಳಸುವುದಿದ್ದರೆ ಅದನ್ನು ಇದರೊಡನೆ ಬೆರೆಸಿ ಕಾಯಿಸಬಾರದು, ಉಗ್ರವಾಗಿ ಸಿಡಿಯಬಹುದು.

ಮಾರುವವರಿಂದ ಸುರಕ್ಷತಾ ದತ್ತಾಂಶ ಹಾಳೆ ಕೇಳಿ ಪಡೆಯಿರಿ. ಹದಿನಾರು ವಿಭಾಗಗಳಿರುತ್ತವೆ, ಎಲ್ಲವನ್ನೂ ಓದುವ ತಾಳ್ಮೆ ಇಲ್ಲದಿದ್ದರೆ 2, 8 ಮತ್ತು 14ನೆಯದನ್ನಾದರೂ ಓದಿ. ಎರಡರಲ್ಲಿ ಮೀನಿನ ಜೊತೆಗೆ ಎದೆಯ ಮೇಲೆ ನಕ್ಷತ್ರದಂತೆ ಬಿರುಕು ಬಿಟ್ಟ ಮನುಷ್ಯನ ಚಿತ್ರವೂ ಇದ್ದರೆ ನಿಂತು ಯೋಚಿಸಿ. ಸತುವಿನ ಕಿಟ್ಟದಿಂದ ಮಾಡಿದ ಅಗ್ಗದ ಪುಡಿಯಲ್ಲಿ ಸೀಸ, ಕ್ಯಾಡ್ಮಿಯಂ ಬೆರೆತಿರಬಹುದು. ಆಗ ಅದು ನೀವು ಹೇಳುವ ನಿರುಪದ್ರವಿ ಪುಡಿಯಲ್ಲ. ಹದಿನಾಲ್ಕರಲ್ಲಿ ಯುಎನ್ 3077, 9ನೆಯ ವರ್ಗ ಎಂಬ ಸಾಗಣೆಯ ಗುರುತು ಇರುತ್ತದೆ, ಲಾರಿಯವರು ಕೇಳುವುದು ಅದನ್ನೇ.

ಪ್ರಶ್ನೆ: ಮೊಮ್ಮಗನಿಗೆ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಎದ್ದಿವೆ. ಡಾಕ್ಟರು ಬರೆದುಕೊಟ್ಟ ಮುಲಾಮಿನಲ್ಲಿ ಇರುವುದು ನಮ್ಮ ಫ್ಯಾಕ್ಟರಿಯ ಬಿಳಿ ಪುಡಿಯೇ ಎಂದು ಮಗ ಹೇಳಿ ಒಂದು ಪೊಟ್ಟಣ ತಂದಿದ್ದಾನೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಬಹುದೇ?
— ಒಬ್ಬ ಅಜ್ಜಿ, ಗದಗ

ಉತ್ತರ: ಬೇಡ, ತಾಯಿ. ನಿಮ್ಮ ಮಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಮಕ್ಕಳ ಮುಲಾಮಿನಲ್ಲೂ, ಗುಲಾಬಿ ಬಣ್ಣದ ಕ್ಯಾಲಮೈನಿನಲ್ಲೂ ಇರುವುದು ಜಿಂಕ್ ಆಕ್ಸೈಡೇ. ಆದರೆ ಔಷಧಕ್ಕೆ ಬಳಸುವ ಪುಡಿಯಲ್ಲಿ ಸೀಸದಂಥ ಕಲ್ಮಷ ಎಷ್ಟಿರಬಹುದೆಂದು ಔಷಧ ಸಂಹಿತೆಯ ಮಿತಿಯಿದ್ದು, ಬ್ಯಾಚು ಬ್ಯಾಚಾಗಿ ಪರೀಕ್ಷಿಸಿರುತ್ತಾರೆ. ರಬ್ಬರಿನ, ಬಣ್ಣದ ಪುಡಿಗೆ ಆ ಪರೀಕ್ಷೆ ಇಲ್ಲ. ಸಾಲದ್ದಕ್ಕೆ ಒಣ ಪುಡಿಯನ್ನು ಕೂಸಿನ ಹತ್ತಿರ ಕೊಡವಿದರೆ ಧೂಳು ಅದರ ಉಸಿರಿಗೆ ಹೋಗುತ್ತದೆ. ಡಾಕ್ಟರು ಬರೆದ ಟ್ಯೂಬನ್ನೇ ತರಿಸಿ. ಪೊಟ್ಟಣವನ್ನು ಬಚ್ಚಲಿಗೆ ಸುರಿಯದೆ ಮಗನ ಕೈಯಲ್ಲೇ ಫ್ಯಾಕ್ಟರಿಗೆ ಹಿಂದಿರುಗಿಸಿ.

ಪ್ರಶ್ನೆ: ಹಾವೇರಿಯ ಗುಜರಿಯಲ್ಲಿ ಜಿಂಕ್ ಆಕ್ಸೈಡಿನ ಖಾಲಿ ಚೀಲ ಅಗ್ಗಕ್ಕೆ ಸಿಗುತ್ತವೆ. ಗಟ್ಟಿಯಾಗಿವೆ. ತೊಳೆದು ಗೋವಿನಜೋಳ ತುಂಬಬಹುದೇ?
— ಒಬ್ಬ ರೈತರು, ಹಾವೇರಿ ಜಿಲ್ಲೆ

ಉತ್ತರ: ತುಂಬಬೇಡಿ. ನೇಯ್ಗೆಯ ಸಂದಿಯಲ್ಲಿ ಕೂತ ಪುಡಿ ತೊಳೆದರೂ ಪೂರ್ತಿ ಹೋಗದು, ಅದರಲ್ಲಿ ಸೀಸ ಎಷ್ಟಿತ್ತೆಂಬುದು ನಿಮಗಾಗಲಿ ಗುಜರಿಯವನಿಗಾಗಲಿ ತಿಳಿಯದು. ತೊಳೆಯಲೆಂದು ಕೃಷಿಹೊಂಡಕ್ಕೆ ಅದ್ದುವುದಂತೂ ಬೇಡವೇ ಬೇಡ, ಅದರಲ್ಲಿ ಮೀನು ಬಿಟ್ಟಿದ್ದರೆ ಮೊದಲ ನಷ್ಟ ನಿಮ್ಮದೇ.

ಪ್ರಶ್ನೆ: ಕಾಲೇಜಿನ ಪ್ರಯೋಗಾಲಯದಲ್ಲಿ ಜಿಂಕ್ ಆಕ್ಸೈಡ್ ಕಾಯಿಸಿದಾಗ ಹಳದಿಯಾಯಿತು. ಅದು ವಿಷದ ಬೇರೆ ವಸ್ತುವಾಯಿತೇ?
— ಒಬ್ಬ ವಿದ್ಯಾರ್ಥಿ, ಧಾರವಾಡ

ಉತ್ತರ: ಇಲ್ಲ. ಬಿಸಿಗೆ ಹರಳಿನಿಂದ ತುಸು ಆಮ್ಲಜನಕ ಬಿಟ್ಟುಹೋಗಿ ಹಳದಿ ಕಾಣುತ್ತದೆ, ಆರಿದಾಗ ಗಾಳಿಯಿಂದ ಅದನ್ನು ಮರಳಿ ಪಡೆದು ಬೆಳ್ಳಗಾಗುತ್ತದೆ. ವಸ್ತು ಅದೇ, ಅದರ ಅಪಾಯದ ದರ್ಜೆಯೂ ಅದೇ. ಪೂರ್ತಿ ತಣ್ಣಗಾದ ಮೇಲೂ ಹಳದಿ ಉಳಿದರೆ ಮಾತ್ರ ಬಾಟಲಿಯಲ್ಲಿದ್ದ ಪುಡಿ ಶುದ್ಧವಲ್ಲವೆಂದು ಶಂಕಿಸಿ, ಪ್ರಾಧ್ಯಾಪಕರಿಗೆ ತೋರಿಸಿ. ಪ್ರಯೋಗ ಮುಗಿದ ಮೇಲೆ ಅದನ್ನು ಸಿಂಕಿನಲ್ಲಿ ಚೆಲ್ಲದೆ ತ್ಯಾಜ್ಯದ ಬಾಟಲಿಗೆ ಹಾಕಿ.